ಹೊಸ ದನಕ್ಕೆ ಒಂದು ತಿಂಗಳು ಬೇರೆ ಚಪ್ಪರ

ಸಂಪಾದಕರೇ,

ಸಂತೆಯಿಂದ ತಂದ ಹಸುವನ್ನು ಅಂದೇ ಹಳೆಯ ದನಗಳ ಸಾಲಿನಲ್ಲಿ ಕಟ್ಟುವುದು ಸಣ್ಣ ಸಾವಯವ ಕೃಷಿಕರಲ್ಲೂ ನಡೆದೇ ಇದೆ. ಕಾಲುಬಾಯಿ ರೋಗ ಸಾಮಾನ್ಯವಾಗಿ 14 ದಿನದೊಳಗೆ ಹೊರಬೀಳುತ್ತದೆ. ಚರ್ಮಗಂಟು ರೋಗಕ್ಕೆ 28 ದಿನ ಕಾಯಬೇಕು. ಹಾಗಾಗಿ ಒಂದು ತಿಂಗಳು ಬೇರೆ ಚಪ್ಪರ, ಬೇರೆ ಬಕೆಟ್, ಬೇರೆ ಪೊರಕೆ. ಮೇವು ಹಾಕುವುದು, ಹಾಲು ಕರೆಯುವುದು ಹಳೆಯವಕ್ಕೆ ಮೊದಲು, ಹೊಸದಕ್ಕೆ ಕೊನೆಗೆ. ಬಾಗಿಲಲ್ಲಿ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕದಡಿಡಿ. ಸಗಣಿ ಮೆತ್ತಿದ ಗಂಬೂಟನ್ನು ಹಾಗೇ ಅದ್ದಿದರೆ ಪ್ರಯೋಜನವಿಲ್ಲ, ಮೊದಲು ತೊಳೆಯಬೇಕು. ರಕ್ತ ಹೀರುವ ಉಣ್ಣೆಹುಳು ಇದೆಯೇ ಎಂದು ಕಿವಿಯೊಳಗೆ, ಬಾಲದ ಬುಡದಲ್ಲಿ ನೋಡಿ.

ನಮ್ಮವರು ಮರೆಯುವುದು ಸಗಣಿ, ಗಂಜಲ ಕಲಸಿ ಮಾಡುವ ದ್ರವಗೊಬ್ಬರವಾದ ಜೀವಾಮೃತದ ಡ್ರಮ್ಮನ್ನು. ಗರ್ಭ ಕಳೆಯುವ ಕಂದು ರೋಗದ (ಬ್ರುಸೆಲ್ಲೋಸಿಸ್) ರಕ್ತಪರೀಕ್ಷೆ ಮುಗಿಯುವವರೆಗೆ ಹೊಸ ಹಸುವಿನ ಸಗಣಿ, ಗಂಜಲ ಅದಕ್ಕೆ ಬೇಡ. ಬರಿಗೈಯಲ್ಲಿ ಕಲಸುವವರಿಗೂ ಸೋಂಕು ತಗಲಬಹುದು. ಕರು ಹಾಕುವ ಆಸುಪಾಸಿನಲ್ಲಿ ಸೋಂಕಿದ್ದರೂ ವರದಿ ನೆಗೆಟಿವ್ ಬರುವುದುಂಟು, ಆಗ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿ.

ಸಾವಯವ ಎಂದು ಲಸಿಕೆ ತಪ್ಪಿಸುವವರಿದ್ದಾರೆ. ಅದು ಬರೀ ಹಟ. ಸಾವಯವ ಪ್ರಮಾಣೀಕರಣ ಲಸಿಕೆಗೆ ಅಡ್ಡಿಯಲ್ಲ. ಪಶು ಇಲಾಖೆ ಸಂತೆಯಲ್ಲೇ ರಕ್ತದ ಮಾದರಿ ಪಡೆಯುವ ವ್ಯವಸ್ಥೆ ಮಾಡಲಿ.

- ಒಬ್ಬ ಸಾವಯವ ಕೃಷಿಕ, ತೀರ್ಥಹಳ್ಳಿ