ಈ ಸಲ ಊರಿಗೆ ಹೋದಾಗ ಸೈಕಲ್ ಹತ್ತಿ

ಆತ್ಮೀಯ ಸದಸ್ಯರೇ,

ಡಿಸೆಂಬರ್ ರಜೆಗೆ ಊರಿಗೆ ಟಿಕೆಟ್ ಮಾಡಿಸಿದವರು ಈ ಸಲವೂ ಬಹಳ ಜನ ಇದ್ದೀರಿ. ಇಲ್ಲಿ ಪರದೇಶದಲ್ಲಿ ಶನಿವಾರ ಬಂದರೆ ಸಾಕು, ಕಾರಿನ ಮೇಲೆ ಕಯಾಕ್ ಅನ್ನೋ ಪುಟ್ಟ ದೋಣಿ ಕಟ್ಟಿ, ಹಿಂದೆ ಸೈಕಲ್ ಸಿಕ್ಕಿಸಿ ಹೊರಡುತ್ತೇವೆ. ಮೈಸೂರಲ್ಲಿ ಇಳಿದ ಕೂಡಲೇ ಬೇರೆ ಜನ ಆಗಿಬಿಡುತ್ತೇವೆ. ಮದುವೆ, ಸೀರೆ ಅಂಗಡಿ, ಹಲ್ಲಿನ ಡಾಕ್ಟರು, ಬ್ಯಾಂಕು. ಕಾವೇರಿಯನ್ನು ನೋಡುವುದು ಕಾರಿನ ಕಿಟಕಿಯಿಂದ, ಅದೂ ಸೇತುವೆ ದಾಟುವಷ್ಟು ಹೊತ್ತು. ಹದಿನೈದು ಕಿಲೋಮೀಟರ್ ಆಚೆಗೆ ಇಂಥ ನದಿ ಇಟ್ಕೊಂಡು ಇದು ಅನ್ಯಾಯ ಅಲ್ವಾ?

ಸೈಕಲ್ಲಿಗೆ ಶ್ರೀರಂಗಪಟ್ಟಣ ಹೇಳಿ ಮಾಡಿಸಿದ ಜಾಗ. ಕಾವೇರಿ ಎರಡಾಗಿ ಒಡೆದು, ಊರನ್ನು ಬಳಸಿ, ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ಏರು ಇಳಿಜಾರು ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕೋಟೆ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ ಎಲ್ಲಾ ಒಂದೇ ಬೆಳಿಗ್ಗೆ ಆಗುತ್ತದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನೂ ನೋಡಿ ಬನ್ನಿ. ಮೈಸೂರಿನಿಂದಲೇ ತುಳಿಯುವವರಿಗೆ ಒಂದು ಮಾತು: 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಸೈಕಲ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ.

ನನ್ನ ಕೇಳಿದರೆ ನಾಲೆ ಏರಿ ಇನ್ನೂ ಚೆಂದ. ವಿರಿಜಾ ನಾಲೆ ಕೆಆರ್‌ಎಸ್‌ಗಿಂತ ಎಷ್ಟೋ ಹಳೆಯದು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಆಲೆಮನೆ ಹೊಗೆ ಕಂಡರೆ ನಿಲ್ಲಿಸಿ, ಬಿಸಿ ಬೆಲ್ಲ ಬಾಯಿಗೆ ಹಾಕಿಕೊಂಡು ಮುಂದೆ ಹೋಗಿ. ಆಗ ರಾಗಿ, ಹುರುಳಿ ಒಕ್ಕಣೆ ಬೇರೆ. ಹಳ್ಳಿ ಕಡೆ ಟಾರು ರಸ್ತೆಯೇ ಕಣ. ಕಾರಿನ ಅಡಿಗೆ ಸಿಕ್ಕಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಸೈಕಲ್ಲಿನ ಹಿಂದಿನ ಗೇರಿಗೆ ಹುರುಳಿ ಬಳ್ಳಿ ಸುತ್ತಿಕೊಂಡಿತೋ, ಚೈನು ಅಲ್ಲೇ ಬಿಗಿದು ನಿಲ್ಲುತ್ತದೆ. ಎಳೆದಷ್ಟೂ ಒಳಗೆ ಹೋಗುತ್ತದೆ, ಕತ್ತರಿಸಿಯೇ ತೆಗೆಯಬೇಕು. ಇಳಿದು, ಎತ್ತಿಕೊಂಡು ದಾಟಿ. ಇಳಿದರೆ ‘ಯಾವೂರಾಯ್ತು?’ ಅಂತ ಕೇಳೇ ಕೇಳುತ್ತಾರೆ. ಅಪ್ಪನ ಊರು ಹೇಳಿ. ಇಲ್ಲಿಯದು ಹೇಳಿದರೆ ಬೇಗ ಹೊರಡೋಕಾಗಲ್ಲ.

ವಿಶ್ವೇಶ್ವರಯ್ಯ ನಾಲೆ ಮಾತ್ರ ಬೇರೆ ಲೆಕ್ಕ. ಆಳ, ಸೆಳೆತ ಎರಡೂ ಜಾಸ್ತಿ. 2018ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೇ ಉರುಳಿಬಿದ್ದು 30 ಜನ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ಅದರ ಏರಿ ಮೇಲೆ ಹೋಗಬೇಡಿ.

ಇನ್ನು ನೀರು. ಕಯಾಕ್ ಚೆನ್ನಾಗಿ ನಡೆಸುತ್ತೇವೆ ಅನ್ನುವವರು ಸಂಗಮದಲ್ಲಿ ಹರಿಗೋಲಿನವರನ್ನು ಕೇಳಿ, ಒಂದು ನಿಮಿಷ ಹುಟ್ಟು ಹಿಡಿದು ನೋಡಿ. ದುಂಡಗಿನ ಬಿದಿರ ತಟ್ಟಿ, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಸುಮ್ನೆ ಗಿರಗಿರ ತಿರುಗುತ್ತದೆ. ಅವರು ಹೋಗಬೇಕಾದ ದಿಕ್ಕಿಗೇ ಹುಟ್ಟು ಚಾಚಿ, ಆ ಕಡೆ ಈ ಕಡೆ ಬಳಸುತ್ತಾ ನೀರನ್ನು ತಮ್ಮತ್ತ ಎಳೆಯುತ್ತಾರೆ. ಮೊದಲು ತಳಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲ, ಮೇಲೆ ಡಾಂಬರು. ಬಂಡೆ ತುಂಬಿದ, ಮೊಣಕಾಲುದ್ದ ನೀರಲ್ಲೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ಒಬ್ಬರೇ ಬೋರಲು ಹಾಕಿ ಹೊತ್ತುಕೊಂಡು ಹೋಗುತ್ತಾರೆ.

ಸ್ವಂತ ದೋಣಿ ತಂದು ಸಿಕ್ಕಸಿಕ್ಕಲ್ಲಿ ಇಳಿಸುವ ಸಾಹಸ ಬೇಡ. ಮೊಸಳೆಗಳಿವೆ, ತಮಾಷೆಯಲ್ಲ. ರಂಗನತಿಟ್ಟಿಗೆ ಹೋದರೆ ಬಂಡೆ ಮೇಲೆ ಬಿಸಿಲು ಕಾಯಿಸುವುದನ್ನು ನೀವೇ ನೋಡಬಹುದು. ಅದು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಅಲ್ಲಿ ಅರಣ್ಯ ಇಲಾಖೆಯ ದೋಣಿಯಲ್ಲೇ ಕೂರಬೇಕು. ಕಯಾಕ್ ಬೇಕೇ ಬೇಕು ಅನ್ನುವವರಿಗೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿ ಇದೆ. ಅದೇ ದಾರಿಯ ಮುತ್ತತ್ತಿಯಲ್ಲಿ ಈಜುವ ಆಸೆ ಬಿಡಿ, ಸುಳಿಗಳು ಮೇಲಿಂದ ಕಾಣುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಹೋಗುವವರು ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡಿಕೊಳ್ಳಿ. ಪೂರ್ತಿ ತುಂಬುವ ಮಟ್ಟವಾದ 124.80 ಅಡಿ ಹತ್ತಿರ ಬಂತು ಅಂದರೆ ನದಿಗೆ ನೀರು ಬಿಡುತ್ತಾರೆ, ದೋಣಿ ನಿಲ್ಲುತ್ತದೆ.

ಹೋಗಿ ಬಂದವರು ಫೆಬ್ರವರಿ ಸಂಚಿಕೆಗೆ ಒಂದು ಪುಟ ಬರೆದು ಕಳಿಸಿ. ಬೃಂದಾವನದ ಕಾರಂಜಿ ಫೋಟೋ ಬೇಡ, ನಮ್ಮಲ್ಲಿ ರಾಶಿ ಇವೆ.

ನಿಮ್ಮ ಸಂಪಾದಕ