ಪಾದಚಾರಿ ಮಾರ್ಗದ ರೋಬಾಟ್‌ಗೆ ನಿಯಮ ಮೊದಲಿರಲಿ

ಮಾನ್ಯರೇ,

ಊಟ, ದಿನಸಿ ಹೊತ್ತು ಪಾದಚಾರಿ ಮಾರ್ಗದಲ್ಲಿ ತಾವಾಗಿಯೇ ಚಲಿಸುವ ಪುಟ್ಟ ರೋಬಾಟ್‌ಗಳು ಅಮೆರಿಕದ ಹಲವು ನಗರಗಳಲ್ಲಿ ಓಡಾಡುತ್ತಿವೆ. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ 2017ರಲ್ಲೇ ಪರವಾನಗಿ ಕಡ್ಡಾಯಗೊಳಿಸಿ, ಒಂದು ಕಂಪನಿಗೆ 3, ಇಡೀ ನಗರಕ್ಕೆ 9 ಎಂಬ ಮಿತಿ ಹಾಕಿ, ವೇಗವನ್ನು ಗಂಟೆಗೆ 3 ಮೈಲಿಗೆ ಕಟ್ಟಿಹಾಕಿತು. ಅದೇ ವರ್ಷ ವರ್ಜೀನಿಯಾ ರಾಜ್ಯ ಗಂಟೆಗೆ 10 ಮೈಲಿ ವೇಗದವರೆಗೆ ಅವಕಾಶ ಕೊಟ್ಟಿತು. ನನಗೆ ಮೊದಲನೆಯದೇ ವಿವೇಕದ ದಾರಿಯೆನಿಸುತ್ತದೆ.

ಮಡಿಕೇರಿಯಲ್ಲಿ ಶುಕ್ರವಾರದ ಸಂತೆಗೆ ಇಳಿಯುವಾಗ ಚರಂಡಿಯ ಚಪ್ಪಡಿಯೊಂದು ಬಾಯ್ದೆರೆದಿರುತ್ತದೆ, ಅದರಾಚೆ ಸ್ಕೂಟರ್ ನಿಂತಿರುತ್ತದೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಇಳಿಜಾರಿನಲ್ಲಿ ಕೊಡೆ ಹಿಡಿದ ಇಬ್ಬರು ಎದುರಾದರೆ ಒಬ್ಬರು ರಸ್ತೆಗಿಳಿಯಲೇಬೇಕು. (ಅಲ್ಲಿ ರೋಬಾಟ್ ಬಂದರೆ ಮೊದಲು ಚರಂಡಿಗೆ ಬೀಳುವುದು ಅದೇ ಇರಬಹುದು.) ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ತೆರವಾದ ಅಗಲ ಇರಬೇಕೆನ್ನುತ್ತದೆ. ನಿರಾತಂಕವಾಗಿ ನಡೆದಾಡುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ.

ಆದ್ದರಿಂದ ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಇಂಥ ಯಂತ್ರಗಳಿಗೆ ಅನುಮತಿ ನೀಡುವ ಮುನ್ನ ರಾಜ್ಯ ಸರ್ಕಾರ ನಿಯಮ ರೂಪಿಸಬೇಕು. ಪ್ರತಿ ರೋಬಾಟ್‌ಗೂ ಎದ್ದುಕಾಣುವ ನೋಂದಣಿ ಸಂಖ್ಯೆ, ವಿಮೆ, ಕೆಟ್ಟು ನಿಂತರೆ ಕೂಡಲೇ ತೆಗೆಸುವ ಹೊಣೆಗಾರ ಇರಲಿ. ಅದರ ಕ್ಯಾಮೆರಾ ಸೆರೆಹಿಡಿದ ದಾರಿಹೋಕರ ಮುಖಗಳನ್ನು ಎಷ್ಟು ದಿನ ಇಟ್ಟುಕೊಳ್ಳಬಹುದೆಂಬುದೂ ನಿಗದಿಯಾಗಲಿ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಬಿಳಿಕೋಲು ಹಿಡಿದವರಿಗೆ ದಾರಿ ಬಿಡದ ಯಂತ್ರದ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರ ಸ್ಥಳೀಯ ಸಂಸ್ಥೆಗೇ ಇರಬೇಕು.

– ಓರ್ವ ಪಾದಚಾರಿ, ಮಡಿಕೇರಿ