ಶನಿವಾರ ಚಿಂಚೋಳಿ ಕಾಡಿಗೆ: ಎಲ್ಲರೂ ಪೂರ್ತಿ ಓದಿ

ಬಯಾಲಜಿ ವಿದ್ಯಾರ್ಥಿಗಳೇ, ಶನಿವಾರ ಬೆಳಿಗ್ಗೆ 5.30ಕ್ಕೆ ಕಲಬುರಗಿಯಿಂದ ಬಸ್ ಹೊರಡುತ್ತದೆ. ಕಾಲೇಜು ಗೇಟಿನ ಹತ್ತಿರ ಮೊದಲೇ ಬಂದಿರಿ. ತಡವಾದರೆ ಹಕ್ಕಿ ಸಿಗುವ ಹೊತ್ತೇ ಕಳೆದುಹೋಗುತ್ತದೆ.

ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾದದ್ದು. ಸುಮಾರು 135 ಚದರ ಕಿಲೋಮೀಟರ್ ಒಣ ಕಾಡು. "ಎಲೆ ಉದುರಿದ ಮೇಲೆ ಏನು ನೋಡೋದು?" ಎಂದು ಕೆಲವರು ಕೇಳಿದ್ದೀರಿ. ನನ್ನ ಪ್ರಕಾರ ಇದೇ ಒಳ್ಳೆಯ ಕಾಲ. ಎಲೆ ಉದುರಿಸುವುದು ಮರ ನೀರು ಉಳಿಸಿಕೊಳ್ಳುವ ದಾರಿ, ಅಲ್ವಾ? ಬರಿ ಕೊಂಬೆಯಲ್ಲಿ ಮುತ್ತುಗ ಅರಳಿರುತ್ತದೆ. ಒಂದು ಮರದ ಕೆಳಗೆ ಹತ್ತು ನಿಮಿಷ ಸುಮ್ನೆ ನಿಲ್ಲಿ. ಬಣ್ಣ ಇಷ್ಟು ಕೆಂಪು, ಮಕರಂದ ಜಾಸ್ತಿ, ಆದರೆ ಪರಿಮಳ ಇಲ್ಲ. ಯಾಕೆ? ಸೂರಕ್ಕಿ, ಗೊರವಂಕ ಬಂದು ಕೂತಾಗ ಉತ್ತರ ಸಿಗುತ್ತದೆ. ಯಾವ ಹಕ್ಕಿ ಬಂತು, ಎಷ್ಟು ಹೊತ್ತು ಇತ್ತು, ಬರೆದುಕೊಳ್ಳಿ.

ತೋಳ, ಕತ್ತೆಕಿರುಬ ಹಗಲಲ್ಲಿ ಕಾಣುವುದು ಅಪರೂಪ. ಹೆಜ್ಜೆ, ಹಿಕ್ಕೆ ಹುಡುಕೋಣ. ಒಣಗಿ ಬೆಳ್ಳಗಾದ ಹಿಕ್ಕೆ ಕತ್ತೆಕಿರುಬದ್ದಿರಬಹುದು. ಅದು ಮೂಳೆಯನ್ನೂ ಅಗಿದು ತಿನ್ನುತ್ತದೆ, ಆ ಕ್ಯಾಲ್ಸಿಯಂನಿಂದ ಬಿಳಿ ಬಣ್ಣ. ಮುಟ್ಟಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ.

ಹರ್ಬೇರಿಯಂಗೆಂದು (ಒಣಗಿಸಿ ಹಾಳೆಗೆ ಅಂಟಿಸಿಡುವ ಗಿಡಗಳ ಸಂಗ್ರಹ) ಒಂದು ಎಲೆಯನ್ನೂ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದಕ್ಕೆ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಚಿತ್ರ ಬರೆದರೆ ಸಾಕು, ಅಂಕ ಅದಕ್ಕೇ.

ಎರಡು ಲೀಟರ್ ನೀರು, ಟೋಪಿ, ಶೂ, ನೋಟ್‌ಬುಕ್ ತನ್ನಿ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬನ್ನಿ. ಊಟ ಚಂದ್ರಂಪಳ್ಳಿ ಜಲಾಶಯದ ಹತ್ತಿರ. ಯಾರೂ ನೀರಿಗಿಳಿಯಬಾರದು. ಪಾಲಕರ ಸಹಿ ಇರುವ ಒಪ್ಪಿಗೆ ಪತ್ರ ಗುರುವಾರದೊಳಗೆ ನನ್ನ ಕೈಗೆ ಕೊಡಿ.